ಸೈರನ್ ಆಗುವ ತನಕ ಯಾರೂ ಹೊರಡುವಂತಿಲ್ಲ

ಕನ್ನಡದ ಕವಿಗಳಿಗೆ ಶಾಲು ಹೊದಿಸಿದವರು ಬೇಕಾದಷ್ಟು ಜನ ಇದ್ದಾರೆ. ಕವಿಗಳ ಎಡಗಾಲಿನ ಚಪ್ಪಲಿ ಕಿತ್ತಿಟ್ಟುಕೊಂಡವರು ನನಗೆ ತಿಳಿದಂತೆ ಒಬ್ಬರೇ. ಅವರು ನಮ್ಮ ಸೋದರಮಾವ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಹಾಗೆ ಕಿತ್ತಿಟ್ಟ ಚಪ್ಪಲಿಗಳಲ್ಲಿ ನನ್ನದೂ ಒಂದಿತ್ತು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮಾವ ಕವಿಯಲ್ಲ. ವಿಮರ್ಶಕರಂತೂ ಅಲ್ಲವೇ ಅಲ್ಲ. ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ನಿಂತವರು. ಸೈರನ್ ಆಗುವ ಮೊದಲು ಹೊರಗೆ ಹೋಗಬೇಕಾದವರಿಗೆ ಗೇಟ್ ಪಾಸ್ ಬೇಕು. ಪಾಸ್ ಇಲ್ಲದವರನ್ನು ಮಾವ ಬಿಡುತ್ತಿರಲಿಲ್ಲ. ಅಷ್ಟೇ ಅವರ ಉದ್ಯೋಗ. ‘ನಿಲ್ಲು’ ಎನ್ನುವ ಒಂದು ಮಾತನ್ನು ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಹೇಳಬಲ್ಲರು. ಅದಕ್ಕಿಂತ ಹೆಚ್ಚಿನ ಮಾತನ್ನು ಒಂದರಲ್ಲೂ ಆಡಿದವರಲ್ಲ. ಹೊಟ್ಟೆನೋವು ಎಂದು ಬಾಗಿ ಬಂದವನೊಬ್ಬನನ್ನು ಅಲ್ಲೇ ಕೂರಿಸಿ, ಮಜ್ಜಿಗೆ ಕುಡಿಸಿ, ಸೈರನ್ ಆದ ಮೇಲೆ ಕೈ ಹಿಡಿದು ಅವನ ಮನೆಯ ತನಕ ಬಿಟ್ಟುಬಂದ ಕಥೆ ಕ್ವಾರ್ಟರ್ಸಿನಲ್ಲಿ ಈಗಲೂ ಚಾಲ್ತಿಯಲ್ಲಿದೆ. ಪಾಪ, ಪಾಸ್ ಕೊಡಬಾರದಿತ್ತೇ ಎಂದು ಕೇಳಿದರೆ, ಮಜ್ಜಿಗೆಗೆ ಹೋಗುವ ನೋವಿಗೆ ಪಾಸ್ ಯಾಕೆ ಎನ್ನುತ್ತಾರೆ. ಸ್ವಂತ ಮಗಳಿಗೂ ರಿಯಾಯಿತಿ ಇರಲಿಲ್ಲ. ಮಧ್ಯಾಹ್ನ ಅಪ್ಪನ ಊಟದ ಡಬ್ಬಿ ತಂದವಳು ಸೈರನ್ ಆಗುವ ತನಕ ಗೇಟಿನಾಚೆ ಮರದಡಿ ನಿಂತು ಕಾಯಬೇಕು. ಹತ್ತು ವರ್ಷದ ಹುಡುಗಿ ಒಳಗೆ ಬಂದು ಕಬ್ಬಿಣ ಕದ್ದುಬಿಡುತ್ತಾಳೆಯೇ?

ಅದೇ ಮಗಳು, ಒಬ್ಬಳೇ ಮಗಳು, ಬಿ.ಎಡ್. ಮುಗಿಸಿ ಹೊಳೆಹೊನ್ನೂರಿನ ಶಾಲೆಯೊಂದಕ್ಕೆ ಸೇರಿ ಮೂರು ತಿಂಗಳಾಗಿತ್ತು. ಜ್ವರ ಎಂದು ಮಲಗಿದವಳು ಆರನೇ ದಿನ ಹೋಗಿಬಿಟ್ಟಳು. ನಗಿಸಲು ಕೂತ ಪ್ರಬಂಧದಲ್ಲಿ ಇದನ್ನು ಎಲ್ಲಿ ಹೇಳಬೇಕೋ ತಿಳಿಯದೆ ಇಲ್ಲೇ ಹೇಳಿದ್ದೇನೆ, ಕ್ಷಮಿಸಿ.

ನಿವೃತ್ತಿಯ ನಂತರ ಮಾವ, ಅತ್ತೆ ಇಬ್ಬರೂ ಶಿವಮೊಗ್ಗಕ್ಕೆ, ವಿನೋಬನಗರದಲ್ಲಿ ನಮ್ಮ ಹಿಂದಿನ ಬೀದಿಗೇ ಬಂದರು. ಮಾವ ಅಳಲಿಲ್ಲ. ದಿನಕ್ಕೆ ಹತ್ತು ಸಲ ಕಾಂಪೌಂಡಿನ ಗೇಟಿನ ಚಿಲಕ ಹಾಕಿದೆಯೋ ಇಲ್ಲವೋ ನೋಡಿ ಬರುತ್ತಿದ್ದರು. ಅತ್ತೆ ಮಾತು ಬಿಟ್ಟರು, ಊಟವನ್ನೂ ಅರ್ಧ ಬಿಟ್ಟರು. ಹೀಗಿರುವಾಗ ಒಂದು ದಿನ ಸಾಮಾನಿನ ಪಟ್ಟಿ ಬರೆಯಲು ಕೂತವರು, ತೊಗರಿಬೇಳೆಯ ಕೆಳಗೆ ಎರಡು ಸಾಲು ಮಗಳ ಬಗ್ಗೆ ಬರೆದರು. ಮರುದಿನ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ನಾಲ್ಕು ಸಾಲು. ಇದನ್ನು ನನಗೆ ವರದಿ ಮಾಡಿದವರು ಮಾವನೇ. “ಬರೆದ ದಿನ ಒಂದು ಚಪಾತಿ ಜಾಸ್ತಿ ತಿಂತಾಳೆ ಕಣೇ,” ಎಂದರು. ಕಾವ್ಯದ ಪ್ರಯೋಜನವನ್ನು ಕುರಿತು ನಾನೂ ನಾಲ್ಕು ಪುಸ್ತಕ ಓದಿದ್ದೇನೆ. ಒಂದರಲ್ಲೂ ಈ ಚಪಾತಿಯ ವಿಷಯ ಇರಲಿಲ್ಲ.

ನಾನು ಹೈಸ್ಕೂಲ್ ಮೇಷ್ಟ್ರಮ್ಮ. ಕವಿತೆ ಬರೆಯುವ ಚಟವೂ ಇದೆ. ನಮ್ಮದೊಂದು ಬಳಗವಿದೆ. ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ಒಂದು ನರ್ಸರಿ ಶಾಲೆಯ ಮಹಡಿಯಲ್ಲಿ ಸೇರುತ್ತೇವೆ. ಅಲ್ಲಿರುವುದೆಲ್ಲ ಪುಟಾಣಿ ಕುರ್ಚಿಗಳು. ಕೂತರೆ ಮಂಡಿ ಗಲ್ಲಕ್ಕೆ ಬರುತ್ತದೆ. ಅಧ್ಯಕ್ಷರಿಗೆ ಮಾತ್ರ ದೊಡ್ಡವರ ಕುರ್ಚಿ. ಎಲ್ಲ ಕವಿಗೋಷ್ಠಿಗಳ ಹಾಗೆ ನಮ್ಮದರಲ್ಲೂ ಒಂದು ಸಂಪ್ರದಾಯವಿತ್ತು. ತಮ್ಮ ಕವಿತೆ ಓದಿದವರು ಚಪ್ಪಾಳೆ ಸ್ವೀಕರಿಸಿ, ಐದು ನಿಮಿಷ ಗಂಭೀರವಾಗಿ ಕೂತು, ಫೋನ್ ಬಂದವರ ಹಾಗೆ ಕಿವಿಗೆ ಕೈ ಹಚ್ಚಿಕೊಂಡು ಮೆಟ್ಟಿಲಿಳಿಯುವುದು. ಕೊನೆಯವರು ಓದುವ ಹೊತ್ತಿಗೆ ಅಧ್ಯಕ್ಷರು ಉಳಿದಿರುತ್ತಾರೆ, ಅವರ ಭಾಷಣ ಇನ್ನೂ ಬಾಕಿ ಇರುವುದರಿಂದ.

ಅತ್ತೆಯನ್ನು ಬಲವಂತ ಮಾಡಿ ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಹೊಸಬರೆಂದು ಪಟ್ಟಿಯಲ್ಲಿ ಅವರ ಹೆಸರು ಕೊನೆಗೆ ಹೋಯಿತು. ನನ್ನದು ಮೂರನೆಯದು. ಓದಿದೆ, ಚಪ್ಪಾಳೆ ಆಯಿತು, ಮಗನ ಟ್ಯೂಷನ್ ನೆನಪಾಯಿತು, ಎದ್ದು ಹೋದೆ. ಅತ್ತೆಯ ಹೆಸರು ಕರೆದಾಗ ಉಳಿದವರು ನಾಲ್ಕು ಜನ. ಅದರಲ್ಲೊಬ್ಬರು ಕಿಟಕಿ ಮುಚ್ಚುತ್ತಿದ್ದರಂತೆ. ಅತ್ತೆ ಹಾಳೆ ತೆಗೆದರು, ಖಾಲಿ ಕುರ್ಚಿಗಳನ್ನು ನೋಡಿದರು, ಹಾಳೆ ಮಡಚಿ ಬ್ಯಾಗಿನಲ್ಲಿಟ್ಟು ನಮಸ್ಕಾರ ಹೇಳಿ ಇಳಿದುಬಿಟ್ಟರು. ಆಮೇಲೆ ಅವರು ಒಂದು ಸಾಲೂ ಬರೆಯಲಿಲ್ಲ. ಚಪಾತಿಯೂ ಕಡಿಮೆಯಾಯಿತು. ಇದರಲ್ಲಿ ನನ್ನ ಪಾಲು ಎಷ್ಟೆಂದು ಮಾವ ಬಾಯಿಬಿಟ್ಟು ಹೇಳಲಿಲ್ಲ; ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಎರಡನೇ ಭಾನುವಾರ ಮೂರೂಮುಕ್ಕಾಲಿಗೆ ನಾವು ಮೆಟ್ಟಿಲು ಹತ್ತಿದರೆ ಬಾಗಿಲಲ್ಲಿ ಮಾವ! ಇಸ್ತ್ರಿ ಮಾಡಿದ ಅಂಗಿ, ಕಾರ್ಖಾನೆಯ ಹಳೆಯ ಬೆಲ್ಟು, ಕೈಯಲ್ಲಿ ಅವರ ಅದೇ ಸ್ಟೀಲಿನ ಊಟದ ಡಬ್ಬಿ. ಗಾಡಿಯ ಕೀ ಇದರಲ್ಲಿ ಹಾಕಿ ಒಳಗೆ ಹೋಗಿ ಎಂದರು. ಪಾರ್ಕಿಂಗ್ ವ್ಯವಸ್ಥೆ ಸುಧಾರಿಸಿತಲ್ಲ ಎಂದು ಎಲ್ಲರೂ ಸಂತೋಷದಿಂದಲೇ ಹಾಕಿದರು. ಬಸ್ಸಿನಲ್ಲಿ ಬಂದವರ ಬಳಿ ಕೀ ಎಲ್ಲಿಂದ ಬರಬೇಕು? ಅವರ ಎಡಗಾಲಿನ ಚಪ್ಪಲಿ ಬಾಗಿಲ ಹಿಂದಿನ ಬೀರುವಿಗೆ ಹೋಯಿತು. ನಾನು ಮನೆಯಿಂದ ನಡೆದೇ ಬಂದಿದ್ದೆ, ಸೋದರಸೊಸೆಯೆಂದು ಬಿಡಲಿಲ್ಲ.

ಮೊದಲು ಸಿಕ್ಕಿಬಿದ್ದವರು ನಿವೃತ್ತ ಹೆಡ್ಮಾಸ್ಟರು. ಅವರದು ಭದ್ರಾ ಹೊಳೆಯ ಮೇಲೆ ಬರೆದ ಬಹಳ ಉದ್ದದ ಪದ್ಯ. ಪ್ರತಿ ತಿಂಗಳೂ ಒಂದು ಭಾಗ ಓದಿ ಹೊರಡುವರು. ಅಂದು ಬಾಗಿಲಲ್ಲಿ ಮಾವ ಪಾಸ್ ಕೇಳಿದರು. ಹೆಡ್ಮಾಸ್ಟರಿಗೆ ಅರ್ಥವಾಗದೆ, ನಂದು ಓದಿ ಆಯ್ತಲ್ರೀ ಎಂದರು.

“ನೀವು ಓದೋವಾಗ ಅವ್ರೆಲ್ಲ ಕೂತಿದ್ರಲ್ಲ ಸಾರ್,” ಎಂದರು ಮಾವ.

ತಡವಾಗಿ ಬಂದ ಮಕ್ಕಳನ್ನು ಮೂವತ್ತು ವರ್ಷ ಗೇಟಿನ ಹೊರಗೆ ನಿಲ್ಲಿಸಿದ ಹೆಡ್ಮಾಸ್ಟರು ಹಿಂತಿರುಗಿ ಬಂದು ಪುಟಾಣಿ ಕುರ್ಚಿಯಲ್ಲಿ ಕೂತರು. ಅವರು ಹಾಗೆ ಕೂತದ್ದನ್ನು ನೋಡಿ ಉಳಿದವರು ಏಳುವ ಯೋಚನೆ ಬಿಟ್ಟರು. ಒಬ್ಬ ಯುವಕವಿ ಮಾತ್ರ ಮಾವನ ಕಣ್ಣು ತಪ್ಪಿಸಿ ಒಂದೇ ಚಪ್ಪಲಿಯಲ್ಲಿ ಬಸ್ ಸ್ಟ್ಯಾಂಡಿನ ತನಕ ಹೋದ. ಮುಂದಿನ ತಿಂಗಳು ಅದರ ಮೇಲೇ ಕವಿತೆ ಬರೆದು ತಂದ. ಅವನ ಇಲ್ಲಿಯವರೆಗಿನ ಕವಿತೆಗಳಲ್ಲಿ ಅದೇ ಚೆನ್ನಾಗಿತ್ತು.

ಮಾವ ಪಾಸ್ ಕೊಡುವುದೇ ಇಲ್ಲವೆಂದಲ್ಲ. ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಟ್ಟಿದ್ದಾರೆ. ಕಾರಣ ಬರೆದು ಸಹಿ ಹಾಕಿ ಕೊಡುತ್ತಾರೆ. ಸೊಸೆಗೆ ಹೆರಿಗೆ ನೋವು ಎಂದವರೊಬ್ಬರಿಗೆ ತಕ್ಷಣ ಕೊಟ್ಟರು. ಮುಂದಿನ ತಿಂಗಳು ಮಗುವಿನ ಫೋಟೋ ತೋರಿಸುವ ತನಕ ಅವರನ್ನು ಒಳಗೆ ಬಿಡಲಿಲ್ಲ, ಅಷ್ಟೆ.

ಹೊಳೆಹೊನ್ನೂರಿನಿಂದ ಬರುವ ಒಬ್ಬ ಹೆಂಗಸಿದ್ದಾರೆ, ಬಟ್ಟೆ ಹೊಲಿಯುವವರು. ಯಾವಾಗಲೂ ಕೊನೆಯಿಂದ ಎರಡನೆಯವರು. ಆ ಮೊದಲ ದಿನ ಓದುತ್ತಾ ಮಧ್ಯದಲ್ಲಿ ನಿಂತುಬಿಟ್ಟರು. “ನಾಲ್ಕು ವರ್ಷದಿಂದ ಓದ್ತಿದೀನಿ. ತಲೆ ಎತ್ತಿದ್ರೆ ಬರೀ ಕುರ್ಚಿ ಕಾಣೋದು. ಇವತ್ತು ಮುಖ ಕಂಡ್ವು, ಸಾಲು ತಪ್ಪಿ ಹೋಯ್ತು,” ಎಂದರು. ನಮ್ಮಲ್ಲಿ ಯಾರೂ ತಲೆ ಎತ್ತಿ ಅವರನ್ನು ನೋಡಲಿಲ್ಲ. ತಮ್ಮನ್ನು ಬಿಟ್ಟುಹೋದ ಗಂಡನ ಅಂಗಿಗೆ ಗುಂಡಿ ಹೊಲಿಯುವ ಪದ್ಯ ಅದು. ನಾಲ್ಕು ವರ್ಷ ಅದನ್ನು ಗೋಡೆಗೆ ಓದಿದ್ದರು.

ಕೂತು ಕೇಳುವುದು ಅಭ್ಯಾಸವಾದ ಮೇಲೆ ಬೇರೆಯೂ ಗೊತ್ತಾಗತೊಡಗಿತು. ಹೆಡ್ಮಾಸ್ಟರ ಪದ್ಯವನ್ನು ಹೊಳೆಯ ವರ್ಣನೆ ಎಂದುಕೊಂಡು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅದರ ಕೊನೆಯ ಭಾಗವನ್ನು ಅವರು ಓದಿದ ದಿನ ತಿಳಿಯಿತು, ಚಿಕ್ಕವನಿದ್ದಾಗ ಆ ಹೊಳೆಯಲ್ಲಿ ಮುಳುಗಿ ಹೋದ ತಮ್ಮನ ಪದ್ಯ ಅದು. ಓದಿ ಮುಗಿಸಿ ಅವರು ಕನ್ನಡಕ ಒರೆಸುತ್ತಾ ನಿಂತಿದ್ದಾಗ ಹೊಲಿಗೆಯ ಅಕ್ಕ ಎದ್ದು ಹೋಗಿ ನೀರಿನ ಬಾಟಲಿ ಕೊಟ್ಟರು. ಅಂದಿನಿಂದ ಹೆಡ್ಮಾಸ್ಟರು ಅಕ್ಕನ ಕವಿತೆಗಳನ್ನು ತಮ್ಮ ದುಂಡು ಅಕ್ಷರದಲ್ಲಿ ನಕಲು ಮಾಡಿ ಇಡುತ್ತಿದ್ದಾರೆ. ಒಬ್ಬರಿಗೊಬ್ಬರು ಫೋನ್ ಮಾಡಿ ಬರೆದಿರಾ ಎಂದು ವಿಚಾರಿಸುವುದು ಶುರುವಾಯಿತು. ಮಾವನಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗೆ ಬೇಕಾದದ್ದು ಒಂದೇ: ಕೊನೆಯ ಹೆಸರು ಕರೆಯುವಾಗ ಕುರ್ಚಿಗಳು ತುಂಬಿರಬೇಕು.

ಕೊನೆಯ ಹೆಸರು ಪ್ರತಿ ತಿಂಗಳೂ ಅತ್ತೆಯದೇ. ಮಾವ ಬರೆಸುತ್ತಿದ್ದರು. ಹೆಸರು ಕರೆದಾಗ ನಾವೆಲ್ಲ ಉಸಿರು ಬಿಗಿಹಿಡಿದು ಕೂರುವೆವು. ಅತ್ತೆ ಬ್ಯಾಗಿನ ಮೇಲೆ ಕೈಯಿಟ್ಟು, “ಮುಂದಿನ ತಿಂಗಳು ನೋಡಣ,” ಎನ್ನುವರು. ಮಾವ ಒಂದು ನಿಮಿಷ ಹಾಗೇ ನಿಂತಿದ್ದು, “ಸೈರನ್ ಆಯ್ತು,” ಎಂದು ಹೇಳಿ ಡಬ್ಬಿಯ ಮುಚ್ಚಳ ತೆಗೆಯುವರು. ಹೀಗೆ ಒಂಬತ್ತು ತಿಂಗಳು. ಒಮ್ಮೆ ನಾನು, ಆ ಹಾಳೆಯಲ್ಲಿ ಏನಿದೆ ನಿಮಗಾದರೂ ಗೊತ್ತಾ ಎಂದು ಮಾವನನ್ನು ಕೇಳಿದೆ. ಅತ್ತೆಯ ಬ್ಯಾಗಿಗೆ ತಾನು ಕೈ ಹಾಕುವುದಿಲ್ಲ ಎಂದರು. ಅಷ್ಟು ಹೊತ್ತಿಗೆ ನನಗೆ ಬಡ್ತಿಯೂ ಆಗಿತ್ತು: ಬಾಗಿಲ ಪಕ್ಕ ಡಬ್ಬಿ ಹಿಡಿದು ಕೂರುವ ಕೆಲಸ. ಅಂದು ಎದ್ದು ಹೋದವಳಿಗೆ ಇದು ಶಿಕ್ಷೆಯೆಂದು ನಾನು ತಿಳಿದುಕೊಂಡೆ. ಡಬ್ಬಿಗೆ ಬೀಳದ ಕೀ ಒಂದೇ, ಮಾವನ ಮೊಪೆಡ್ಡಿನದು. ನಿಮ್ಮದು ಯಾಕಿಲ್ಲ ಎಂದರೆ, “ಗೇಟಿನವನಿಗೆ ಎಂಥ ಪಾಸು ಮಾರಾಯ್ತಿ,” ಎಂದುಬಿಟ್ಟರು.

ಹತ್ತನೆಯ ತಿಂಗಳು ಹೊಲಿಗೆಯ ಅಕ್ಕ ತಮ್ಮ ಕವಿತೆ ಓದಿ ತಮ್ಮ ಜಾಗಕ್ಕೆ ಹೋಗಲಿಲ್ಲ. ನೇರ ಅತ್ತೆಯ ಬಳಿ ಬಂದು, “ಅಕ್ಕ, ನಾನು ಪಕ್ಕ ನಿಂತ್ಕೋತೀನಿ. ನೀವು ಯಾರನ್ನೂ ನೋಡ್ಬೇಡಿ, ಹಾಳೆ ನೋಡಿ,” ಎಂದರು. ಅತ್ತೆ ಎದ್ದರು. ಒಂಬತ್ತು ತಿಂಗಳಲ್ಲಿ ಹಾಳೆಯ ಮಡಿಕೆಗಳು ಹರಿಯಲು ಬಂದಿದ್ದವು. ಹೆಡ್ಮಾಸ್ಟರು ಎದ್ದು ಫ್ಯಾನ್ ಆರಿಸಿದರು.

ಅತ್ತೆ ಓದಿದರು:

ಡಬ್ಬಿ ಹಿಡಿದು ಗೇಟಿನಾಚೆ ನಿಂತವಳು
ಒಂದು ದಿನವೂ ಅಪ್ಪನ ಮೇಲೆ ಮುನಿಯಲಿಲ್ಲ.
ಸೈರನ್ ಆಗಲಿ, ಬರ್ತಾರೆ ಅಂದಳು.

ಹೊತ್ತಿಗೆ ಮೊದಲು ಯಾರನ್ನೂ ಹೊರಗೆ ಬಿಡದವರೇ,
ಇವಳನ್ನು ಹೇಗೆ ಬಿಟ್ಟಿರಿ?

ನನ್ನ ಕೈಯಲ್ಲಿದ್ದ ಡಬ್ಬಿ ಯಾವುದು ಎಂದು ನನಗೆ ಆಗ ಹೊಳೆಯಿತು. ಅದರ ಹಿಡಿಕೆಯನ್ನು ಹೇಗೆ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಮಾವ ಎದ್ದರು. ಯಾರ ಮುಖವನ್ನೂ ನೋಡದೆ ಅಂಗಿಯ ಜೇಬಿನಿಂದ ಮೊಪೆಡ್ಡಿನ ಕೀ ತೆಗೆದು ಬಾಗಿಲಿಗೆ ಬಂದರು. ಹತ್ತು ತಿಂಗಳು ಪಾಸ್ ಇಲ್ಲದೆ ಒಬ್ಬರನ್ನೂ ಬಿಡದ ಮನುಷ್ಯ ಕವಿತೆಯ ನಡುವೆ ಹೊರಟಿದ್ದರು. ಅತ್ತೆ ಓದುವುದನ್ನು ನಿಲ್ಲಿಸಿದರು. ಹಾಳೆ ಮತ್ತೆ ಮಡಚಿಕೊಳ್ಳುತ್ತದೆ, ಈ ಸಲ ಮಡಚಿದರೆ ಮುಗಿಯಿತು ಎಂದು ನನಗೆ ಭಯವಾಯಿತು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ನನ್ನ ಜೀವಮಾನದಲ್ಲಿ ಮಾವನಿಗೆ ಎದುರಾಡಿದವಳಲ್ಲ.

“ಪಾಸ್ ಎಲ್ಲಿ ಮಾವ?” ಎಂದೆ.

ಅವರು ನನ್ನನ್ನು ನೋಡಿದರು. ಕಣ್ಣು ತುಂಬಿ ಬಂದಿತ್ತು. ನನ್ನ ಕಣ್ಣೂ ಹಾಗೇ ಇತ್ತು, ಆದರೆ ನಾನು ಸರಿಯಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಮಾವ ಆ ಕೀಯನ್ನು ಡಬ್ಬಿಗೆ ಹಾಕಿ, ಬಾಗಿಲ ಪಕ್ಕದ ನನ್ನ ಪುಟಾಣಿ ಕುರ್ಚಿಯಲ್ಲೇ ಕೂತರು. ಅತ್ತೆ ಉಳಿದದ್ದನ್ನು ಓದಿದರು:

ಬಿಟ್ಟವರು ನೀವಲ್ಲ, ಗೊತ್ತು.
ಆ ದಿನ ಆ ಗೇಟಿನಲ್ಲಿ ನೀವು ಇರಲಿಲ್ಲ.
ಇದ್ದಿದ್ದರೆ ಬಿಡುತ್ತಿರಲಿಲ್ಲ.

ಅಷ್ಟೇ ಇದ್ದದ್ದು. ಅದನ್ನು ಕೇಳದೆ ಮಾವ ಮೆಟ್ಟಿಲಿಳಿದಿದ್ದರೆ ಉಳಿದ ಆಯುಷ್ಯವನ್ನೆಲ್ಲ ಅರ್ಧ ಕವಿತೆಯ ಜೊತೆ ಕಳೆಯುತ್ತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಏಳಲೂ ಇಲ್ಲ. ಸೈರನ್ ಆಯ್ತು ಎಂದು ಹೇಳಬೇಕಾದವರು ಮುಖ ಮುಚ್ಚಿಕೊಂಡು ಕೂತಿದ್ದರು. ಅತ್ತೆ ಹಾಳೆಯನ್ನು ಹೊಲಿಗೆಯ ಅಕ್ಕನ ಕೈಗೆ ಕೊಟ್ಟು ನಿಧಾನವಾಗಿ ಬಾಗಿಲ ತನಕ ಬಂದರು. ನನ್ನ ಕೈಯಲ್ಲಿದ್ದ ಡಬ್ಬಿಯಿಂದ ಮೊಪೆಡ್ಡಿನ ಕೀ ಹುಡುಕಿ ತೆಗೆದರು. ಮಾವನ ಭುಜದ ಮೇಲೆ ಕೈಯಿಟ್ಟರು.

“ಸೈರನ್ ಆಯ್ತು ಕಣ್ರೀ. ನಡೀರಿ ಮನೆಗೆ,” ಎಂದರು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ತಡೆಯಲಾರದೆ ಮಾವನಿಗೆ ಫೋನ್ ಮಾಡಿದೆ. ಅತ್ತೆ ನಿನ್ನೆ ಒಂದು ಚಪಾತಿ ಜಾಸ್ತಿ ತಿಂದರಾ ಎಂದು ಕೇಳಿದೆ.

“ಅವಳದ್ದು ಮಾಮೂಲಿ,” ಎಂದರು. “ಜಾಸ್ತಿ ತಿಂದಿದ್ದು ನಾನು ಕಣೇ.”