ಹತ್ತಲು ಲಿಫ್ಟು, ಇಳಿಯಲು ಮೆಟ್ಟಿಲು

ಯಾರಾದರೂ ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಸಾಕು, ನಾನು ಮಾಡಿಬಿಡುತ್ತೇನೆ. ಮಾಡಿದ ಮೇಲೆ, ಇದನ್ನು ಯಾಕೆ ಮಾಡಿದೆ ಎಂದು ಯೋಚಿಸಲು ಕೂರುತ್ತೇನೆ. ಅಷ್ಟರಲ್ಲಿ ಇನ್ನೊಬ್ಬರು ಏಳಿ ಎನ್ನುತ್ತಾರೆ, ಏಳುತ್ತೇನೆ. ಐವತ್ತು ದಾಟಿದ ಮೇಲಾದರೂ ಈ ಗುಣ ಹೋದೀತು ಎಂದುಕೊಂಡಿದ್ದೆ. ಕೂದಲು ಹೋಯಿತು, ಗುಣ ಉಳಿಯಿತು. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಕೂತು ಅರ್ಧ ನಿಂತು ಹೋಗುವಾಗಲೂ, ಯಾರೋ ‘ಸರಕೋ’ ಎಂದರೆ ಸರಿಯುತ್ತೇನೆ. ಅಲ್ಲಿಂದಾಚೆ ಸರಿದರೆ ಗಾಳಿಯಲ್ಲೇ ಕೂರಬೇಕೆಂದು ಹೇಳಿದವನಿಗೂ ಗೊತ್ತು, ನನಗೂ ಗೊತ್ತು. ಮಹಾಪೆಯ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಸಂಜೆ ಹೊರಡುವಾಗ ನೀಲಿ ಅಂಗಿಯ ಕಾವಲುಗಾರನಿಗೆ ಊಟದ ಡಬ್ಬಿ ತೆರೆದು ತೋರಿಸಬೇಕು. ನನಗಂತೂ ಅದು ಎಷ್ಟು ರೂಢಿಯಾಗಿದೆಯೆಂದರೆ, ಒಮ್ಮೆ ನೀಲಿ ಅಂಗಿ ತೊಟ್ಟು ಅಲ್ಲಿ ನಿಂತಿದ್ದವನೊಬ್ಬನ ಮುಂದೆ ಕೇಳದೆಯೇ ಡಬ್ಬಿ ತೆರೆದು ಹಿಡಿದೆ. ಅವನು ಕೊರಿಯರ್ ತಂದವನು. ಒಳಗೆ ಉಳಿದಿದ್ದ ಅರ್ಧ ಚಪಾತಿಯನ್ನು ನೋಡಿ, “ನಹೀ ಸಾಬ್, ಖಾಕೆ ಆಯಾ” ಎಂದ, ಬೇಡ, ಉಂಡೇ ಬಂದಿದ್ದೇನೆ ಎಂದು.

ಇಂಥವನಿಗೆ ದೇವರು ಗೋರೆ ಕಾಕಾ ಅವರಂಥ ಸೊಸೈಟಿ ಸೆಕ್ರೆಟರಿಯನ್ನು ಕೊಟ್ಟಿದ್ದು ಗಾಯದ ಮೇಲೆ ಬರೆ ಎಳೆದ ಹಾಗೆ. ಕಾಕಾ ನಮ್ಮ ಕಟ್ಟಡದ ನಾಲ್ಕನೇ ಮಾಳಿಗೆಯವರು, ಸರಕಾರಿ ನೌಕರಿಯಿಂದ ನಿವೃತ್ತರಾದವರು. ಹಗಲೆಲ್ಲ ಕೆಳಗೆ ಲಿಫ್ಟಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಾರೆ. ಮೊದಲು ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡು ಒಳಗಿಡಿ ಎಂದರು, ಇಟ್ಟೆವು. ಒದ್ದೆ ಕೊಡೆಯನ್ನು ಮೆಟ್ಟಿಲ ಮೇಲೆ ಬಿಚ್ಚಿಡಬೇಡಿ ಎಂದರು, ಮಡಚಿದೆವು. ಆಮೇಲೊಂದು ಮಳೆಗಾಲದಲ್ಲಿ, “ಲಿಫ್ಟ್ ವರ್ ಜಾಯಲಾ. ಖಾಲೀ ಯಾಯಲಾ ಜಿನಾ” ಎಂದರು. ಲಿಫ್ಟು ಮೇಲೆ ಹೋಗಲಿಕ್ಕೆ, ಕೆಳಗೆ ಬರಲಿಕ್ಕೆ ಮೆಟ್ಟಿಲು. ಲಿಫ್ಟಿನ ಒಳಗೆ ಕೆಳಗಿಳಿಯುವ ಗುಂಡಿ ಇತ್ತು, ಒತ್ತಿದರೆ ಇಳಿಯುತ್ತಲೂ ಇತ್ತು. ಆದರೂ ಯಾರೂ ಒತ್ತಲಿಲ್ಲ. ಬೆಳಿಗ್ಗೆ ಇಡೀ ಕಟ್ಟಡ ಟಪಟಪ ಮೆಟ್ಟಿಲು ಇಳಿಯುತ್ತಿತ್ತು, ಲಿಫ್ಟು ಖಾಲಿ ನಿಂತು ನೋಡುತ್ತಿತ್ತು.

ನನ್ನ ಹೆಂಡತಿ ಜಲಜಳ ಮಂಡಿ ಕೈಕೊಡುವವರೆಗೆ ಇದು ನನಗೆ ತೊಂದರೆ ಎನಿಸಿರಲಿಲ್ಲ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚು ಕೆಟ್ಟದ್ದು, ಮೆಟ್ಟಿಲು ಇಳಿಯಲೇಬೇಡಿ ಎಂದರು ಡಾಕ್ಟರು. ಅಂದರೆ, ಡಾಕ್ಟರು ಬೇಡವೆಂದಿದ್ದನ್ನೇ ಕಾಕಾ ಮಾಡಿ ಎಂದಿದ್ದರು. ಇಬ್ಬರ ಮಾತನ್ನೂ ಪಾಲಿಸಬೇಕೆಂದರೆ ಮನೆಯಲ್ಲೇ ಇರಬೇಕು. ಜಲಜ ಮನೆಯಲ್ಲೇ ಉಳಿದಳು. ಅದೇ ಹೊತ್ತಿಗೆ ಠಾಣೆಯ ಕೋಪರಿಯಲ್ಲಿರುವ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡರು. ತಲೆ ಬಾಚಿಕೊಳ್ಳಲು ಆಗದು. ಭಾವ ಬಾಚಿದರೆ ಬೈತಲೆ ಕಿವಿಯ ಮೇಲೆ ಬರುತ್ತದಂತೆ. ಅಕ್ಕ ಫೋನಿನಲ್ಲಿ ಇದನ್ನು ನಗುತ್ತಲೇ ಹೇಳುತ್ತಿದ್ದರು, ನಡುವೆ ದನಿ ಒದ್ದೆಯಾಗುತ್ತಿತ್ತು. “ಬರ್ಪೆ ಅಕ್ಕಾ, ಬರ್ಪೆ” ಎಂದು ಜಲಜ ದಿನವೂ ತುಳುವಿನಲ್ಲಿ ಬರುತ್ತೇನೆಂಬ ಮಾತು ಕೊಡುತ್ತಿದ್ದಳು. ಮಾತು ಮುಗಿದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದಳು. ಆ ನೋಟಕ್ಕಿಂತ ನಾಲ್ಕು ಬೈಗುಳವೇ ವಾಸಿ.

ಕಾಕಾ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಹೇಳಿದ್ದೆ. ಮಹಾಪೆಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಆಡಿ ನೋಡುತ್ತಿದ್ದೆ. ಮುಂಬ್ರಾ ದಾಟುವಾಗ ನನ್ನ ವಾದ ಕೋರ್ಟಿನಲ್ಲೂ ಗೆಲ್ಲುವಂತಿರುತ್ತಿತ್ತು. ಗೇಟು ದಾಟಿದ ಕೂಡಲೇ ಕಾಕಾ ಕುರ್ಚಿಯಿಂದ ತಲೆಯೆತ್ತಿ “ಕಾಯ್ ಶೆಟ್ಟಿ?” ಎನ್ನುತ್ತಿದ್ದರು. ನಾನು “ಹೋ ಕಾಕಾ” ಎಂದು ಹೇಳಿ ಲಿಫ್ಟಿನೊಳಗೆ ಸೇರಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ‘ಏನು’ ಎಂದು, ನಾನು ಕೊಟ್ಟ ಉತ್ತರ ‘ಹೌದು’. ದಿನವಿಡೀ ದಣಿದ ಮನುಷ್ಯನಿಗೆ ಎಲ್ಲಕ್ಕಿಂತ ಸುಲಭವಾಗಿ ಬರುವ ಶಬ್ದ ಅದೇ.

ನಮ್ಮ ಮಗಳು ಶ್ರೇಯಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ನನ್ನ ಅವಸ್ಥೆ ಅವಳಿಗೆ ಮನೆಯಲ್ಲೇ ಸಿಕ್ಕ ಪ್ರಯೋಗಶಾಲೆ. ಜನ ದೊಡ್ಡವರ ಮಾತು ಕೇಳುವುದು ಹೆದರಿಕೆಯಿಂದ ಮಾತ್ರವಲ್ಲವಂತೆ, ಸುಖಕ್ಕೂ ಹೌದಂತೆ. ಹೇಳಿದವರ ತಲೆಗೆ ಹೊಣೆ ಕಟ್ಟಿ ನಾವು ಹಗುರಾಗುತ್ತೇವಂತೆ. ಚಪ್ಪಲಿ ಸ್ಟ್ಯಾಂಡಿಗೆ ಹೂಂ ಎಂದವರಿಗೆ ಕೊಡೆಗೆ ಊಹೂಂ ಎನ್ನುವುದು ಕಷ್ಟ, ಕೊಡೆಗೆ ಒಪ್ಪಿದವರಿಗೆ ಲಿಫ್ಟಿನ ನಿಯಮಕ್ಕೆ ಆಗದೆನ್ನುವುದು ಇನ್ನೂ ಕಷ್ಟ. ಜೊತೆಗೆ, ಅಕ್ಕಪಕ್ಕದವರೆಲ್ಲ ಇಳಿಯುತ್ತಿರುವಾಗ ತಾನೊಬ್ಬ ನಿಂತರೆ ತಪ್ಪು ತನ್ನದೇ ಎನಿಸುತ್ತದಂತೆ. ಇಷ್ಟು ಹೇಳಿ, “ಪಪ್ಪಾ, ಪ್ರಾಬ್ಲೆಮ್ ಕಾಕಾ ನಹೀ ಹೈ, ಆಪ್ ಹೋ” ಎಂದಳು, ತೊಂದರೆ ಕಾಕಾ ಅಲ್ಲ, ನೀವೇ ಎಂದು. ನನಗೆ ಎಲ್ಲವೂ ಅರ್ಥವಾಯಿತು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಅರ್ಥಮಾಡಿಕೊಂಡು ಮೆಟ್ಟಿಲು ಇಳಿದೆ. ರೋಗದ ಹೆಸರು ತಿಳಿದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ.

ಕೊನೆಗೊಂದು ಭಾನುವಾರ ಜಲಜ ಸೀರೆ ಉಟ್ಟು, ಕೊಬ್ಬರಿ ಎಣ್ಣೆಯ ಬಾಟಲಿ ಮತ್ತು ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಲಿಫ್ಟಿನ ಮುಂದೆ ಹೋಗಿ ನಿಂತಳು. “ಎಂತ ಮಾರಾಯ್ರೆ, ನೀವು ಬರ್ತೀರೋ, ನಾನೊಬ್ಬಳೇ ಹೋಗುದೋ?” ಎಂದಳು. ನಾನೂ ಹೊಕ್ಕೆ. ಅವಳು ಗುಂಡಿ ಒತ್ತಿದಳು. ಮೂರನೇ ಮಾಳಿಗೆಯಿಂದ ಕೆಳಗೆ ಬರುವಷ್ಟರಲ್ಲಿ ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬಾಗಿಲು ಸರಿಯಿತು. ಎದುರಿಗೇ ಕಾಕಾ. ಜಲಜ ಸಲೀಸಾಗಿ ಹೊರಗೆ ಕಾಲಿಟ್ಟಳು. ನನ್ನ ಬಾಯಿಂದ ಮಾತ್ರ “ಚುಕಲಂ ಕಾಕಾ” ಬಂತು, ತಪ್ಪಾಯಿತು ಎಂದು. ಕೈ ತಾನಾಗಿಯೇ ಮೂರನೇ ಮಾಳಿಗೆಯ ಗುಂಡಿ ಒತ್ತಿತು. ಮೇಲೆ ಹೋಗುವುದಕ್ಕೆ ಅನುಮತಿ ಇತ್ತಲ್ಲ. ಹೋದೆ, ಹೊರಗೆ ಬಂದೆ, ಮೆಟ್ಟಿಲು ಇಳಿದು ಕ್ರಮಪ್ರಕಾರ ಕೆಳಗೆ ತಲುಪಿದೆ.

ಅಷ್ಟರಲ್ಲಿ ಕೆಳಗೆ ಎಲ್ಲವೂ ಮುಗಿದಿತ್ತು. ಮಂಡಿ ನೋಯುತ್ತದೆ, ಇಳಿಯಲು ಆಗುವುದಿಲ್ಲ ಎಂದು ಜಲಜ ತನ್ನ ಮುರುಕು ಮರಾಠಿಯಲ್ಲಿ ಹೇಳಿದ್ದಳು. ಕಾಕಾ ಗದರಲಿಲ್ಲವಂತೆ. ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ಅತ್ತಿಗೆ, ನನ್ನದೂ ನೋಯುತ್ತದೆ ಎಂದರಂತೆ. ಆ ಮಳೆಗಾಲದಲ್ಲಿ ಲಿಫ್ಟು ಪದೇಪದೇ ನಿಂತಾಗ, ಸ್ವಲ್ಪ ದಿನ ಭಾರ ಕಡಿಮೆ ಮಾಡಿ ಎಂದು ರಿಪೇರಿಯವನು ಹೇಳಿದ್ದನಂತೆ. ಆಮೇಲೆ ಅವನೂ ಬರಲಿಲ್ಲ, ಸಾಕು ಎಂದೂ ಹೇಳಲಿಲ್ಲ. ತಾನೇ ಮಾಡಿದ ನಿಯಮ ತಾನೇ ಮುರಿದರೆ ಜನ ಏನೆಂದಾರು ಎಂದು ಕಾಕಾ ಅಷ್ಟೂ ಮಾಳಿಗೆಗಳನ್ನು ಕಟಕಟ ಮಂಡಿಯಲ್ಲಿ ಇಳಿಯುತ್ತಿದ್ದರಂತೆ. ಇದನ್ನೆಲ್ಲ ಜಲಜ ರಿಕ್ಷಾದಲ್ಲಿ ಹೇಳಿದಳು. ಕೋಪರಿಯಲ್ಲಿ ಅಕ್ಕನ ಬೈತಲೆ ಆ ಮಧ್ಯಾಹ್ನ ನೆಟ್ಟಗಾಯಿತು. ಎಣ್ಣೆ ಹಚ್ಚುವಾಗ ಅಕ್ಕ ಕಣ್ಣುಮುಚ್ಚಿ ಕೂತಿದ್ದ ರೀತಿ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಸೋಮವಾರದಿಂದ ಇಡೀ ಕಟ್ಟಡ ಲಿಫ್ಟಿನಲ್ಲೇ ಇಳಿಯುತ್ತಿದೆ, ಕಾಕಾ ಎಲ್ಲರಿಗಿಂತ ಮೊದಲು. ನಾನೊಬ್ಬ ಮೆಟ್ಟಿಲು ಇಳಿಯುತ್ತೇನೆ. ನನಗೆ ನೇರವಾಗಿ ಯಾರೂ ಏನೂ ಹೇಳಿರಲಿಲ್ಲವಲ್ಲ. ಹೇಳಲಿ ಎಂದು ಒಂದು ವಾರ ಕಾಕಾ ಅವರ ಕುರ್ಚಿಯ ಮುಂದೆ ಬೇಕೆಂದೇ ಹೆಜ್ಜೆ ನಿಧಾನ ಮಾಡಿದೆ, ಮಂಡಿಯನ್ನೂ ಒಮ್ಮೆ ಉಜ್ಜಿಕೊಂಡೆ. ಕೊನೆಗೆ ಮೊನ್ನೆ ಅವರು ತಲೆಯೆತ್ತಿ, “ಛಾನ್, ಶೆಟ್ಟಿ. ಹಾ ವ್ಯಾಯಾಮ್ ಸೋಡೂ ನಕಾ” ಎಂದರು. ಒಳ್ಳೆಯ ವ್ಯಾಯಾಮ, ಬಿಡಬೇಡಿ ಎಂದು. ನಾನು “ಹೋ ಕಾಕಾ” ಎಂದೆ.

ಈಗ ಬಿಡುವುದು ಹೇಗೆ?