ಭಾವನ ಹಿಮದ ಟೈರು

ನಮ್ಮ ಭಾವ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಕುಣಿಗಲ್ಲಿನ ನಮ್ಮ ಮನೆಗೆ ಬಂದಾಗ ಅಕ್ಕನನ್ನು ಬೆರಳ ಗೆಣ್ಣಿನಿಂದ ಟಣ್ಣನೆ ತಟ್ಟಿ ನೋಡಲಿಲ್ಲ. ಅದು ನಮ್ಮ ಪುಣ್ಯ! ಮಿಕ್ಕಂತೆ ಅವರು ತಟ್ಟದೆ ಕೊಂಡ ವಸ್ತು ಈ ಭೂಮಿಯ ಮೇಲಿಲ್ಲ.

ಗುಬ್ಬಿಯಲ್ಲಿ ಅವರದು ಸ್ಟೀಲ್ ಪಾತ್ರೆ ಅಂಗಡಿ. ಕೊಳ್ಳಲು ಬಂದ ಹೆಂಗಸರು ಕೊಳಗವನ್ನು ತಟ್ಟುತ್ತಾರೆ, ಬಿಸಿಲಿಗೆ ಹಿಡಿದು ತೂತು ಹುಡುಕುತ್ತಾರೆ, ನೀರು ತುಂಬಿಸಿ ಸೋರುತ್ತದೆಯೇ ಎಂದು ಕಾಯುತ್ತಾರೆ. ನೋಡಿ ನೋಡಿ ಭಾವನಿಗೂ ಅದೇ ಚಾಳಿ ಅಂಟಿದೆ. ಕಲ್ಲಂಗಡಿ ತಟ್ಟಿದರೆ ಸರಿ, ಅದನ್ನು ಎಲ್ಲರೂ ತಟ್ಟುತ್ತೇವೆ. ಆದರೆ ಸೋಫಾ? ಫ್ರಿಜ್ಜು? ಒಮ್ಮೆ ನನ್ನ ಹೊಸ ಹೆಲ್ಮೆಟ್ಟನ್ನೂ ತಟ್ಟಿದರು, ಅದು ನನ್ನ ತಲೆಯ ಮೇಲಿದ್ದಾಗಲೇ! "ಏನ್ ಬಾಮೈದ, ಒಳಗೇನೂ ಇಲ್ಲದಂಗೆ ಕೇಳ್ತದಲ್ಲ" ಎಂದರು.

ಇಂಥವರ ಎಸ್‌ಯುವಿಯ ಟೈರುಗಳು ಸವೆದು ಬೋಳಾದವು. ತುಮಕೂರಿನ ಮನೆಯಿಂದ ಗುಬ್ಬಿಯ ಅಂಗಡಿಗೆ ದಿನವೂ ಹೈವೇ. ಭಾನುವಾರ ಹಾಗಲವಾಡಿ ಪಕ್ಕದ ತೋಟಕ್ಕೆ ಕಲ್ಲುಮಣ್ಣಿನ ದಾರಿ. ಎರಡಕ್ಕೂ ಆಗುವ ಟೈರು ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುತ್ತದೆ. ಭಾವ ಮಾತ್ರ ಮೂರನೆಯದೊಂದು ಬೇಡಿಕೆ ಇಟ್ಟರು. ಹಿಮದ ಮೇಲೂ ಓಡಬೇಕು!

ಟೈರಂಗಡಿಯವರು ಮೊದಲು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಸಾರ್, ನಮ್ ತುಮಕೂರಲ್ಲಿ ಸ್ನೋ ಎಲ್ ಬೀಳ್ತದೆ?"

"ಬಿದ್ಮೇಲೆ ಟೈರ್ ಹುಡ್ಕೋಕಾಯ್ತದೇನ್ರೀ?"

ನಗಬೇಡಿ. ಇದಕ್ಕೊಂದು ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಅಕ್ಕ, ಹಿಮ ಬಿದ್ದ ಬೆಟ್ಟ ನೋಡಬೇಕು, ಅದರ ಮೇಲೆ ಬರಿಗಾಲಲ್ಲಿ ನಿಲ್ಲಬೇಕು ಎಂದಿದ್ದಳಂತೆ. ಭಾವ "ಅದಕ್ಕೇನಂತೆ" ಎಂದು ಮಾತು ಕೊಟ್ಟು, ಕರೆದುಕೊಂಡು ಹೋದದ್ದು ತುಮಕೂರಿನ ಪಕ್ಕದಲ್ಲೇ ಇರುವ ದೇವರಾಯನದುರ್ಗದ ಗುಡ್ಡಕ್ಕೆ! ಬೆಳಗಿನ ಮಂಜು ತೋರಿಸಿ, "ಇದೂ ಅದೇ ಕಣೇ, ಸ್ವಲ್ಪ ತೆಳ್ಳಗಿದೆ ಅಷ್ಟೇ" ಎಂದರಂತೆ. ಅಕ್ಕ ನಕ್ಕಳು, ಮತ್ತೆಂದೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಭಾವನನ್ನು ಇಷ್ಟು ವರ್ಷ ಕೊರೆದಿದೆ. ಮಕ್ಕಳ ಓದು, ಮದುವೆ ಎಲ್ಲ ಮುಗಿದ ಮೇಲೆ ಈಗ ತೀರ್ಮಾನಿಸಿದ್ದಾರೆ. ಅಕ್ಕನಿಗೆ ವಿಮಾನವೆಂದರೆ ಭಯ. ಹಾಗಾಗಿ ಈ ಬೇಸಿಗೆಗೆ ಸ್ವಂತ ಗಾಡಿಯಲ್ಲೇ ಹಿಮಾಲಯ!

ಸರಿ, ಪರೀಕ್ಷೆ ಶುರುವಾಯಿತು. ಟೈರಂಗಡಿಯವರೇನು ಟೈರು ಬಿಚ್ಚಿ ಓಡಿಸಿ ನೋಡಲು ಕೊಡುತ್ತಾರೆಯೇ? ಹಾಗಾಗಿ ನೆಂಟರಿಷ್ಟರಲ್ಲಿ ಯಾರ ಗಾಡಿಗೆ ಯಾವ ಟೈರಿದೆ ಎಂದು ವಿಚಾರಿಸಿ, ಅವರವರ ಗಾಡಿಯಲ್ಲೇ ಸವಾರಿ. ಜೊತೆಗೆ ಅಕ್ಕ, ಅಕ್ಕನ ತೊಡೆಯ ಮೇಲೆ ಕಂಠದವರೆಗೆ ಮಜ್ಜಿಗೆ ತುಂಬಿದ ಒಂದು ಸ್ಟೀಲ್ ಚೊಂಬು! ಮಜ್ಜಿಗೆ ತುಳುಕದಿದ್ದರೆ ಟೈರು ಪಾಸು.

ನಿಟ್ಟೂರಿನ ದಾಯಾದಿಯೊಬ್ಬರ ಜೀಪಿಗೆ ದಪ್ಪ ಹಲ್ಲಿನ ಟೈರು. ಕೆಸರಲ್ಲಿ ಅದು ಕೋಣದ ಹಾಗೆ ನುಗ್ಗಿತು, ಒಪ್ಪೋಣ. ಟಾರು ರಸ್ತೆಗೆ ಬಂದದ್ದೇ ರಾಗಿ ಮಿಷನ್ನಿನ ಸದ್ದು! ಅಕ್ಕ ಏನೋ ಕಿರುಚಿದಳು. ನಮಗೆ ಕೇಳಿಸಲಿಲ್ಲ. ಮಜ್ಜಿಗೆ ಚೆಲ್ಲಿತು ಎಂದು ಕಿರುಚಿದ್ದಳೆಂದು ನನ್ನ ಪ್ಯಾಂಟು ಒದ್ದೆಯಾದ ಮೇಲೆ ತಿಳಿಯಿತು.

ಮುಂದಿನ ಸರದಿ ನನ್ನ ಕಾರು. ಅದರ ಟೈರು ಹೈವೇಯಲ್ಲಿ ಬೆಣ್ಣೆ. ತುಮಕೂರಿನಿಂದ ಕುಣಿಗಲ್‌ವರೆಗೆ ಒಂದು ಹನಿ ಮಜ್ಜಿಗೆ ಅಲುಗಲಿಲ್ಲ. ನಾನು ಬೀಗಿದೆ. "ಇರು ಬಾಮೈದ" ಎಂದ ಭಾವ ಗಾಡಿಯನ್ನು ಸೀದಾ ಹುಲಿಯೂರುದುರ್ಗದ ಕಡೆ ಹೊಡೆದು, ಮಳೆ ಬಿದ್ದ ಮಣ್ಣಿನ ಏರು ಹತ್ತಿಸಿದರು. ಗಾಡಿ ಅರ್ಧ ಹತ್ತಿತು. ಆಮೇಲೆ ಮನಸ್ಸು ಬದಲಾಯಿಸಿತು. ಹಿಂದಕ್ಕೆ ಜಾರುತ್ತ ಜಾರುತ್ತ ಬೇಲಿಗೆ ಒರಗಿ ನಿಂತಾಗ ಭಾವ ಇಳಿದು ಟೈರು ತಟ್ಟಿ ನೋಡಿದರು. ನಾನು ಇಳಿದು ಗಾಡಿ ತಳ್ಳಿದೆ. ಅಕ್ಕ ಒಳಗೆ ಕೂತು ಮಜ್ಜಿಗೆ ಕುಡಿದಳು.

ಕಡೆಗೂ ಒಂದು ಜಾತಿಯ ಟೈರು ಒಪ್ಪಿಗೆಯಾಯಿತು. ಹಲ್ಲು ಹದವಾಗಿತ್ತು, ತೀರಾ ದಪ್ಪವಲ್ಲ, ತೀರಾ ನಯವೂ ಅಲ್ಲ. ಟೈರಿನ ಪಕ್ಕದಲ್ಲಿ ಒಂದು ಬೆಟ್ಟದ ಚಿತ್ರ, ಅದರೊಳಗೆ ಹಿಮದ ಹರಳೊಂದರ ಗುರುತು ಅಚ್ಚಾಗಿತ್ತು. ಆ ಗುರುತಿದ್ದರೆ ಮಾತ್ರ ಹಿಮದಲ್ಲಿ ನೆಚ್ಚಬಹುದು ಎಂದು ಭಾವ ಎಲ್ಲೆಲ್ಲೋ ಕೇಳಿ ತಿಳಿದುಕೊಂಡಿದ್ದರು. ಆದರೂ ಅಂಗಡಿಯಲ್ಲಿ ಕೂತು ತಟ್ಟಿಯೇ ತಟ್ಟಿದರು.

"ರಬ್ಬರ್ ಸಾರ್ ಅದು, ಸದ್ದು ಬರಲ್ಲ!"

"ಸದ್ದು ಬರದಂಗಿದ್ರೇ ಕಣ್ರೀ ಒಳ್ಳೆ ಟೈರು!"

ಹೊಸ ಟೈರು ಹಾಕಿಸಿ ಗಾಡಿಪೂಜೆ ಮಾಡಿದ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟರು. ಒಂದು ಹಣ್ಣು ಹಿಚುಕಿಕೊಳ್ಳದೆ ಜಾರಿ ಚರಂಡಿಗೆ ಹಾರಿತು. "ಗ್ರಿಪ್ ಸಾಲದೇನೋ" ಎಂದು ಭಾವ ಮತ್ತೆ ತಟ್ಟಲು ಬಗ್ಗಿದರು. ಅಕ್ಕ ಕೈ ಹಿಡಿದು ಎಳೆದುಕೊಂಡು ಹೋದಳು.

ಹೊರಡಲು ಇನ್ನೇನು ಕೆಲವೇ ದಿನ ಇರುವಾಗ ಅಕ್ಕ ಮನೆಯ ಮೆಟ್ಟಿಲು ಹತ್ತುತ್ತ ಅರ್ಧಕ್ಕೇ ಕೂತುಬಿಟ್ಟಳು. ಏದುಸಿರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಮಾತ್ರೆ ಬರೆದು, ಭಯಪಡುವಂಥದ್ದೇನಿಲ್ಲ, ಆದರೆ ಎತ್ತರದ ಜಾಗ ಮಾತ್ರ ಬೇಡವೇ ಬೇಡ, ಈ ವರ್ಷವೊಂದೇ ಅಲ್ಲ, ಯಾವತ್ತೂ ಎಂದರು.

"ಬುಡ್ರೀ, ಫ್ರಿಜ್ಜಲ್ಲೇ ಐತಲ್ಲ ಐಸು" ಎಂದಳು ಅಕ್ಕ. ದೇವರಾಯನದುರ್ಗದಲ್ಲಿ ನಕ್ಕ ಹಾಗೆಯೇ ನಕ್ಕಿರಬೇಕು. ಭಾವನಿಗೆ ಅವಳ ಆ ನಗು ಸಹಿಸಲಾಗಲಿಲ್ಲ. ಅಂಗಡಿಗೆ ಹೊಸ ಸರಕು ಬಂದರೆ ಒಂದು ಲೋಟವನ್ನೂ ತಟ್ಟದೆ ಜೋಡಿಸಿದರಂತೆ. ಅದನ್ನು ಕೇಳಿ ನನಗೆ ನಿಜವಾಗಿಯೂ ಗಾಬರಿಯಾಯಿತು.

ಆಮೇಲೊಂದು ಭಾನುವಾರ ಫೋನು ಬಂತು. "ಬಾರೋ ಬಾಮೈದ, ಒಂದ್ ಟೆಸ್ಟ್ ಬಾಕಿ ಐತೆ."

ಹೋದೆ. ಅಕ್ಕ ದೇವಸ್ಥಾನಕ್ಕೆ ಹೋಗಿದ್ದಳು. ಅಂಗಳದ ತುಂಬ ಐಸ್ ಫ್ಯಾಕ್ಟರಿಯಿಂದ ತಂದ ಐಸ್ ಗಡ್ಡೆಗಳು! ಬಾಯಿ ತೆರೆಯುವುದರೊಳಗೆ ನನ್ನ ಕೈಗೊಂದು ಒನಕೆ ಬಂತು. "ನೈಸಾಗಿ ಕುಟ್ಟು, ಚುಚ್ಬಾರ್ದು." ಕುಟ್ಟಿದೆ. ಅಂಗಡಿಯ ಹೊಸ ಕೊಳಗಗಳಲ್ಲಿ ತುಂಬಿ ತುಂಬಿ ಭಾವ ಅಂಗಳಕ್ಕೆಲ್ಲ ಹರಡಿದರು. ಅಕ್ಕನ ಸ್ವೆಟರನ್ನು ಕಂಕುಳಲ್ಲಿಟ್ಟುಕೊಂಡು, ಗಾಡಿ ಹತ್ತಿ ಅವಳನ್ನು ಕರೆತರಲು ಹೊರಟರು.

ದೇವಸ್ಥಾನ ಪಕ್ಕದ ಬೀದಿಯಲ್ಲೇ ಇದೆ. ಹೋದವರ ಪತ್ತೆಯೇ ಇಲ್ಲ! ನೆತ್ತಿ ಸುಡುವ ಬಿಸಿಲು. ಹಿಮಾಲಯ ಕರಗಿ ಚರಂಡಿಗೆ ಹರಿಯುತ್ತಿದೆ! ಫೋನು ಮಾಡಿದರೆ, "ರಿಂಗ್ ರೋಡಲ್ಲಿದೀವಿ ಕಣೋ. ದೂರ ಹೋದಂಗಾದ್ರೂ ಅನ್ನಿಸ್ಬೇಕಲ್ಲ" ಎಂದು ಪಿಸುಗುಟ್ಟಿದರು.

ಕೊನೆಗೂ ಗಾಡಿ ಗೇಟಿನೊಳಗೆ ಬಂತು. ಹೊಸ ಟೈರುಗಳು ಐಸಿನ ಮೇಲೆ ಕರಕರ ಎಂದು ಉರುಳಿ ನಿಂತವು. ಮುಂದಿನ ಸೀಟಿನಲ್ಲಿ ಅಕ್ಕ, ಆ ಬಿಸಿಲಲ್ಲಿ ಸ್ವೆಟರು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ಭಾವ ಸುತ್ತಿ ಬಂದು ಬಾಗಿಲು ತೆರೆದರು. "ಇಳಿಯೇ. ಬಂತು."

ಅಕ್ಕ ಕಣ್ಣು ಬಿಟ್ಟಳು. ಅಂಗಳ ನೋಡಿದಳು, ಒನಕೆ ಹಿಡಿದ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ಮೆಲ್ಲಗೆ ಚಪ್ಪಲಿ ಕಳಚಿ, ಅವರ ಭುಜ ಹಿಡಿದು, ಐಸಿನ ಮೇಲೆ ಬರಿಗಾಲಿಟ್ಟಳು. "ಅಯ್ಯೋ ರೀ!" ಎಂದು ಚಿಕ್ಕ ಹುಡುಗಿಯಂತೆ ಕುಣಿದಳು. ನಗುನಗುತ್ತಲೇ ಅವಳ ಕಣ್ಣು ತುಂಬಿತು. ನನ್ನದೂ ತುಂಬಿತು, ಮುಚ್ಚಿಡುವುದೇನು?

ಆದರೂ ಎಂದಿನ ಹಾಗೆ ರೇಗಿಸಿದೆ. "ಹೆಂಗೈತೆ ಭಾವ, ಐಸಲ್ಲಿ ಗ್ರಿಪ್ಪು?"

ಭಾವ ಅಕ್ಕನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಟೈರ್ ನೋಡೋದೇ ಮರ್ತೋಯ್ತು ಕಣೋ" ಎಂದರು.