ಬಟನ್ ಜಾಡಿಯ ರೋಗಿ

ಒಂದು ಮೀನನ್ನು ಸಾಕುವುದು ಎಷ್ಟರ ಕೆಲಸ? ಅದಕ್ಕೆ ಅಂಗಿ ಹೊಲಿಯಬೇಕಾಗಿಲ್ಲ. ತೋಳು ಬಿಗಿಯಾಯಿತೆಂದು ಅದು ಜಗಳಕ್ಕೆ ಬರುವುದಿಲ್ಲ. ಮದುವೆಯ ಹಿಂದಿನ ದಿನ ಬಂದು "ಆಯ್ತಾ?" ಎಂದು ತಲೆ ತಿನ್ನುವುದಿಲ್ಲ. ಶಿರಿಯದ ನನ್ನ ಮನೆಯ ಜಗಲಿಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಇಷ್ಟು ವರ್ಷ ಗಿರಾಕಿಗಳನ್ನು ಸಂಭಾಳಿಸಿದ ನನಗೆ ಬೆರಳುದ್ದದ ಮೀನು ಯಾವ ಲೆಕ್ಕ! ಹೀಗೆಂದುಕೊಂಡೇ ಕುಂಬಳೆ ಪೇಟೆಯಿಂದ ಒಂದು ನೀಲಿ ಫೈಟರ್ ಮೀನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಸಿಕೊಂಡು ಬಂದೆ.

ಆಸೆ ನನ್ನದಲ್ಲ, ಹೆಂಡತಿ ಶೋಭಾಳದು. ಅವಳು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಒಳಗೆ ಚಾವಡಿಯಲ್ಲಿರುವ ಗಪ್ಪಿ ಮೀನುಗಳ ಟ್ಯಾಂಕ್ ಅವಳದೇ. ಹೋಗುವಾಗ ಗಪ್ಪಿಗಳನ್ನು ನನ್ನ ಕೈಗೆ, ನನ್ನನ್ನು ದೇವರ ಕೈಗೆ ಒಪ್ಪಿಸಿ ಹೋಗಿದ್ದಳು. "ಅದರಲ್ಲಿ ಒಂದು ನೀಲಿ ಫೈಟರ್ ಇದ್ದಿದ್ರೆ ಚಂದ ಇತ್ತು" ಎಂದು ಫೋನಿನಲ್ಲಿ ಹೇಳಿದ್ದೇ ತಡ, ಮರುದಿನವೇ ನಾನು ಅಂಗಡಿಯಲ್ಲಿದ್ದೆ. ಅವಳು ಮನೆಯಲ್ಲಿದ್ದಾಗ ಹಾಲು ತಾ ಎಂದರೂ ನಾನು ಇಷ್ಟು ಬೇಗ ಎದ್ದವನಲ್ಲ.

"ಸೀದಾ ಟ್ಯಾಂಕಿಗೆ ಹಾಕ್ಬೇಡಿ ಮಾರಾಯ್ರೆ! ಅದಕ್ಕೆ ಎಂತ ರೋಗ ಉಂಟೋ ಯಾರಿಗೆ ಗೊತ್ತು? ಮೊದಲು ಕ್ವಾರಂಟೈನ್" ಎಂದು ಮಸ್ಕತ್ತಿನಿಂದ ಅಪ್ಪಣೆಯಾಯಿತು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಬೈಗುಳದ ಖಾರ ಸ್ವಲ್ಪ ಕಡಿಮೆಯಾಗಿದೆ.

ಮೆಷಿನಿನ ಪಕ್ಕದಲ್ಲಿದ್ದ ದೊಡ್ಡ ಗಾಜಿನ ಜಾಡಿಯಿಂದ ಬಟನುಗಳನ್ನು ಬಿಸ್ಕತ್ ಡಬ್ಬಿಗೆ ಸುರಿದು, ಜಾಡಿ ತೊಳೆದು, ಬಾವಿ ನೀರು ತುಂಬಿಸಿ, ಮೀನನ್ನು ಶಾಸ್ತ್ರೋಕ್ತವಾಗಿ ದಾಖಲು ಮಾಡಿಕೊಂಡೆ. ಜಾಡಿಗೆ ಒರಗಿಸಿ ಫೋನ್ ಇಟ್ಟೆ. ಅದು ಯಾವಾಗಲೂ ಇರುವ ಜಾಗ ಅದೇ. ಶೋಭಾಳ ಡ್ಯೂಟಿ ಒಂದು ದಿನ ಹಗಲು, ಒಂದು ದಿನ ರಾತ್ರಿ. ಯಾವ ಹೊತ್ತಿಗೆ ಫೋನ್ ಮಾಡುತ್ತಾಳೋ ಅವಳಿಗೇ ಗೊತ್ತಿರುವುದಿಲ್ಲ. ಕಣ್ಣೆದುರು ಇದ್ದರೆ ಒಳ್ಳೆಯದಲ್ಲವೇ?

ಆಗ ಅವಳ ಕರಾರು ಮುಗಿಯುತ್ತಾ ಬಂದಿತ್ತು. ಮತ್ತೆ ಸಹಿ ಹಾಕಿ ಅಲ್ಲೇ ಉಳಿಯುವುದೋ, ಊರಿಗೆ ಬಂದು ಇಲ್ಲೇ ಎಲ್ಲಾದರೂ ಕೆಲಸ ನೋಡುವುದೋ? "ನೀವು ಎಂತ ಹೇಳ್ತೀರಿ?" ಎಂದು ಕೇಳಿದ್ದಳು. 'ಬಾ' ಎನ್ನುವ ಒಂದಕ್ಷರ ಸಾಕಿತ್ತು. ಅಷ್ಟು ಕಷ್ಟಪಟ್ಟು ಹೋದವಳು, ನನಗೆ ಬೇಜಾರೆಂದು ವಾಪಸು ಕರೆಯುವುದೇ? ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ನಿನಗೆ ಅನುಕೂಲ ಆದ ಹಾಗೆ ಮಾಡು. ನಾನಿಲ್ಲಿ ಆರಾಮ ಇದ್ದೇನೆ" ಎಂದೆ. ಆ ಕಡೆಯಿಂದ "ಹಾಂ" ಎಂದಷ್ಟೇ ಬಂತು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ನನಗೆ ಊಟ ಸೇರಲಿಲ್ಲ.

ಮೀನಿಗೂ ಊಟ ಸೇರಲಿಲ್ಲ! ಕಾಳು ಹಾಕಿದರೆ ತಿರುಗಿಯೂ ನೋಡದು. ಕಿವಿರನ್ನು ಕೊಡೆಯ ಹಾಗೆ ಅರಳಿಸಿ, ರೆಕ್ಕೆಗಳನ್ನು ಸೆಟೆಸಿ, ಮೈ ನಡುಗಿಸುತ್ತಾ ಜಾಡಿಯ ಒಂದೇ ಬದಿಗೆ ನುಗ್ಗುವುದು, ಮೂತಿ ಬಡಿದುಕೊಳ್ಳುವುದು, ಸುಸ್ತಾಗಿ ತಳ ಸೇರುವುದು, ಮತ್ತೆ ಎದ್ದು ನುಗ್ಗುವುದು. ಇಂಟರ್ನೆಟ್ ನೋಡಿದೆ. ಅಲ್ಲಿದ್ದ ಎಲ್ಲಾ ರೋಗಗಳೂ ನನ್ನ ಮೀನಿಗೆ ಇದ್ದವು. ಕೆಲವು ನನಗೂ ಇದ್ದವು.

ಕತ್ತು ಊದಿದೆಯೋ ಎಂದು ಖಚಿತಪಡಿಸಿಕೊಳ್ಳಲು ಟೇಪ್ ತೆಗೆದು ಜಾಡಿಯ ಹೊರಗಿನಿಂದಲೇ ಅಳತೆ ಹಿಡಿದೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ಶೋಭಾ! ಫೋನನ್ನು ಕೈಗೆತ್ತಿಕೊಂಡು ಕ್ಯಾಮರಾ ರೋಗಿಯ ಕಡೆ ತಿರುಗಿಸಿದೆ. ರೋಗಿ ಸಭ್ಯ ಗೃಹಸ್ಥನಂತೆ ಮೆಲ್ಲಗೆ ಬಾಲ ಆಡಿಸುತ್ತಾ ಈಜುತ್ತಿತ್ತು.

"ಇದಕ್ಕೆ ಎಂತ ಆಗಿದೆ? ಒಳ್ಳೆ ಉಂಟಲ್ಲ!"

"ಈಗಷ್ಟೇ ಕಿವಿರು ಬಿಚ್ಚಿ ಕುಣಿಯುತ್ತಿತ್ತು ಮಾರಾಯ್ತಿ. ಕುತ್ತಿಗೆ ಎರಡರಷ್ಟು ದಪ್ಪ ಆಗಿತ್ತು."

"ನಿಮಗೆ ಕನ್ನಡಕ ಬದಲಿಸ್ಬೇಕು."

ಪ್ರತಿ ಸಲವೂ ಇದೇ ಕತೆ. ಡಾಕ್ಟರರ ಮುಖ ಕಂಡ ಕೂಡಲೇ ಮಾಯವಾಗುವ ಹಲ್ಲುನೋವು! ಅವಳು ಫೋನ್ ಇಟ್ಟು, ನಾನು ಫೋನನ್ನು ಜಾಡಿಗೆ ಒರಗಿಸಿ ಮೆಷಿನ್ ತುಳಿಯಲು ಕೂತರೆ ಸಾಕು, ರೋಗ ಮರುಕಳಿಸುತ್ತಿತ್ತು. ಪಾಪ, ಅದಕ್ಕೂ ಅವಳ ದನಿ ಕೇಳಿದರೇ ಸಮಾಧಾನವಿರಬೇಕು ಎಂದುಕೊಂಡೆ. ಮೊದಲ ಬಾರಿಗೆ ಆ ಮೀನಿನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿತು.

ಪಕ್ಕದ ಮನೆಯ ಹಸೈನಾರ್ ದೋಣಿಯಲ್ಲಿ ಕಡಲಿಗೆ ಹೋಗುವವರು. ಅವರನ್ನು ಕೇಳಿದೆ. "ನಮ್ಮ ಬಂಗುಡೆ ಮೀನಿಗೆ ಯಾವತ್ತೂ ಇಂಥ ಕಾಯಿಲೆ ಬಂದದ್ದಿಲ್ಲ. ಬಂದಿದ್ರೂ ಹೇಳ್ಲಿಕ್ಕೆ ಅದಕ್ಕೆ ಪುರುಸೊತ್ತು ಸಿಕ್ಲಿಲ್ಲ" ಎಂದು ನಕ್ಕು, "ಸ್ವಲ್ಪ ಉಪ್ಪು ಹಾಕಿ ನೋಡಿ" ಎಂದರು. ನಾನು ಒಂದು ಮುಷ್ಟಿ ಕಲ್ಲುಪ್ಪು ಹಾಕಿದೆ. ಮೀನು ಓರೆಯಾಯಿತು! ಬಾವಿಗೆ ಓಡಿ, ನೀರು ಸೇದಿ ತಂದು ಜಾಡಿಯ ನೀರನ್ನೆಲ್ಲ ಬದಲಿಸಿದೆ. ಹಸೈನಾರ್ ಓಡಿ ಬಂದು ನೋಡಿ, "ಚಿಟಿಕೆ ಹಾಕ್ಲಿಕ್ಕೆ ಹೇಳಿದ್ದು ಮಾರಾಯ್ರೆ, ಉಪ್ಪುಮೀನು ಮಾಡ್ಲಿಕ್ಕೆ ಅಲ್ಲ!" ಎಂದರು.

ದೇವರ ದಯೆ, ಮೀನು ಚೇತರಿಸಿಕೊಂಡಿತು. ಚೇತರಿಸಿಕೊಂಡು ಮತ್ತೆ ಅದೇ ಬದಿಗೆ ನುಗ್ಗಿತು. ಇನ್ನು ಪೂರ್ಣ ವಿಶ್ರಾಂತಿಯೇ ಮದ್ದು ಎಂದು ತೀರ್ಮಾನಿಸಿ, ಕಪ್ಪು ಲೈನಿಂಗ್ ಬಟ್ಟೆಯಲ್ಲಿ ಜಾಡಿಗೆ ಅಳತೆ ತೆಗೆದು ಒಂದು ಕೋಟು ಹೊಲಿದೆ. ಫೋನ್ ಒರಗಿಸುವ ಬದಿಯನ್ನು ಮಾತ್ರ ತೆರೆದು ಬಿಟ್ಟೆ. ಫಿಟ್ಟಿಂಗ್ ಬಹಳ ಚೆನ್ನಾಗಿ ಬಂದಿತ್ತು. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ್ದೆ! ಒಂದೇ ಬದಿಗೆ ನುಗ್ಗುತ್ತಿದ್ದ ಮೀನು ಈಗ ಸುತ್ತಲೂ ನುಗ್ಗತೊಡಗಿತು.

ಆ ಹೊತ್ತಿಗೆ ಹಸೈನಾರರ ಹೆಂಡತಿ ಜಮೀಲಾ ತಮ್ಮ ಚೂಡಿದಾರದ ಟಾಪ್ ತೆಗೆದುಕೊಂಡು ಹೋಗಲು ಬಂದಿದ್ದರು. ಅವರೂ ಶೋಭಾಳೂ ಒಂದೇ ಶಾಲೆಯಲ್ಲಿ ಕಲಿತವರು. ಅವರಲ್ಲಿ ನನ್ನ ದೂರು ಹೇಳಿಕೊಂಡೆ.

"ಶೋಭಾ ನಂಬುದಿಲ್ವಾ? ನಿಲ್ಲಿ ಸದಾನಂದಣ್ಣ, ನಾನು ವಿಡಿಯೋ ತೆಗ್ದು ಕಳಿಸ್ತೇನೆ" ಎಂದು ತಮ್ಮ ಫೋನ್ ಎತ್ತಿ ಹಿಡಿದರು. ರೋಗದ ಲಕ್ಷಣಗಳೆಲ್ಲ ಚೆನ್ನಾಗಿ ಬರಲಿ ಎಂದು ನಾನೂ ಪಕ್ಕಕ್ಕೆ ಸರಿದೆ. ಮೀನು ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಆಮೇಲೆ ಚಂಗನೆ ಜಾಡಿಯಿಂದ ಹಾರಿತು! ಬಿದ್ದದ್ದು ಮೇಜಿನ ಮೇಲೆ ಹರಡಿದ್ದ ಜಮೀಲಾರ ಹೊಸ ಟಾಪಿನ ಜರಿ ಕುತ್ತಿಗೆಯೊಳಗೆ. ನಾನು ಟಾಪ್ ಸಮೇತ ಮೀನನ್ನು ಬಾಚಿ ಜಾಡಿಗೆ ಮುಳುಗಿಸಿದೆ.

ಜಮೀಲಾ ವಿಡಿಯೋ ಕಳಿಸಿ, ನನ್ನನ್ನು ಬಯ್ಯಲು ತಿರುಗುವ ಮೊದಲೇ ಅವರ ಫೋನ್ ರಿಂಗಾಯಿತು. ಶೋಭಾ ವಿಡಿಯೋ ನೋಡಿದ್ದಳು. ಜಮೀಲಾ ಸ್ಪೀಕರ್ ಹಾಕಿದರು. ನಕ್ಕು ನಕ್ಕು ಅವಳಿಗೆ ಮಾತು ಹೊರಡುತ್ತಿರಲಿಲ್ಲ.

"ಅದಕ್ಕೆ ಎಂತ ರೋಗವೂ ಇಲ್ಲ! ಕಪ್ಪು ಫೋನ್ ಒರಗಿಸಿದ ಗಾಜಿನಲ್ಲಿ ಕನ್ನಡಿ ಹಾಗೆ ಅದರದ್ದೇ ಮುಖ ಕಾಣ್ತಾ ಉಂಟು. ಬೇರೆ ಗಂಡು ಬಂದಿದೆ ಅಂತ ಜಗಳಕ್ಕೆ ಹೋಗುದು. ಸಾಲದ್ದಕ್ಕೆ ಸುತ್ತ ಕಪ್ಪು ಬಟ್ಟೆ ಕಟ್ಟಿದ್ದೀರಿ. ನಾನು ಫೋನ್ ಮಾಡುವಾಗ ನೀವು ಫೋನ್ ಎತ್ತಿಕೊಳ್ತೀರಿ, ಅದು ಸುಮ್ಮನಾಗ್ತದೆ." ಅಷ್ಟು ಹೇಳಿ ಕೇಳಿದಳು, "ಫೋನನ್ನು ಯಾಕೆ ಅಲ್ಲಿ ಇಡುದು?"

"ಸುಮ್ಮನೆ" ಎಂದೆ.

"ಬೆಳಗಿಂದ ಸಂಜೆವರೆಗೆ ಸುಮ್ಮನೆಯಾ?"

"ಎಂತ ಸುಮ್ಮನೆ!" ಎಂದು ಜಮೀಲಾ ನಡುವೆ ಬಾಯಿ ಹಾಕಿದರು. "ನಿನ್ನ ಫೋನ್ ಕಾಯುದು! ಕೈಯಲ್ಲಿ ಕತ್ತರಿ, ಕಣ್ಣು ಅಲ್ಲಿ. ನನ್ನ ಟಾಪಿನ ಒಂದು ಕೈ ಉದ್ದ, ಒಂದು ಗಿಡ್ಡ ಆಗಿದೆ, ನೋಡು!"

ಆ ಕಡೆ ನಗು ನಿಂತಿತು. ಆಮೇಲೆ ಶೋಭಾ ಮೆಲ್ಲಗೆ, "ನೀವು ಆರಾಮ ಅಂತ ಹೇಳಿದ್ದಲ್ಲ? ನಾನು ಇಲ್ಲದಿದ್ರೂ ಆಗ್ತದೆ ಅಂತ ಅಂದ್ಕೊಂಡೆ. ನಾಳೆ ಸೈನ್ ಹಾಕ್ಲಿಕ್ಕೆ ಹೊರಟಿದ್ದೆ" ಎಂದಳು. "ಈಗ ಹೇಳಿ. ಹಾಕ್ಬೇಕಾ, ಬೇಡವಾ?"

ನನ್ನ ಕೈಯಲ್ಲಿ ನೀರು ಸೋರುವ ಟಾಪ್. ಬಾಯಿ ತೆರೆದೆ, ಮುಚ್ಚಿದೆ. ಮತ್ತೆ ತೆರೆದೆ. ಜಾಡಿಯಲ್ಲಿ ಮೀನೂ ಅದನ್ನೇ ಮಾಡುತ್ತಿತ್ತು.

"ಹೇಳಿ ಸದಾನಂದಣ್ಣ! ಇಲ್ಲದಿದ್ರೆ ನಾನು ಹೇಳ್ತೇನೆ" ಎಂದರು ಜಮೀಲಾ.

"ಬಾ" ಎಂದೆ.

ಅವಳು ಬರುತ್ತಾಳೆ. ಸಾಮಾನು ಕಟ್ಟುತ್ತಿದ್ದಾಳೆ. ಮೀನು ಪೂರ್ತಿ ಗುಣವಾಗಿ ಹೊಟ್ಟೆ ತುಂಬಾ ತಿನ್ನುತ್ತಿದೆ. ಜಾಡಿಯ ಕೋಟು ಬಿಚ್ಚಿ ಜಮೀಲಾರ ಟಾಪಿಗೆ ಲೈನಿಂಗ್ ಕೊಟ್ಟೆ, ಕೈಗಳನ್ನೂ ಸಮ ಮಾಡಿದೆ. ಇನ್ನು ಮುಂದೆ ಫೋನನ್ನು ಡ್ರಾಯರಿನೊಳಗೇ ಇಡಬೇಕೆಂದು ಮಸ್ಕತ್ತಿನಿಂದ ಕಟ್ಟಾಜ್ಞೆಯಾಗಿದೆ. ಇಡುತ್ತಿದ್ದೇನೆ. ಆ ಡ್ರಾಯರನ್ನು ಎಷ್ಟು ಸಲ ಎಳೆದು ನೋಡುತ್ತೇನೆ ಎಂಬುದು ಮಾತ್ರ ಮೀನಿಗೆ ಗೊತ್ತು. ಈಗ ಅದು ಜಾಡಿಯ ಈ ಬದಿಗೆ ಬಂದು ನಿಂತು, ಕಾಳು ತಿನ್ನುವುದನ್ನೂ ಬಿಟ್ಟು, ನನಗೆ ಎಂತ ರೋಗ ಎಂದು ನೋಡುತ್ತಿರುತ್ತದೆ!